ಹಣೆಪಟ್ಟಿಯಿಂದ ಬಾರದ ಧಾರ್ಮಿಕ ಸ್ವಾತಂತ್ರ್ಯ

ಧಾರ್ಮಿಕ ಸ್ವಾತಂತ್ರ್ಯವನ್ನು ತೀವ್ರವಾಗಿ ಹತ್ತಿಕ್ಕುವ ‘ವಿಶೇಷ ಕಳವಳದ ದೇಶಗಳ’ ಪಟ್ಟಿಗೆ ಅಮೆರಿಕ ನೈಜೀರಿಯಾವನ್ನು ಸೇರಿಸಿದ್ದು 2020ರ ಡಿಸೆಂಬರ್‌ನಲ್ಲಿ. ಮರುವರ್ಷ ನವೆಂಬರ್‌ನಲ್ಲಿ ವಿದೇಶಾಂಗ ಸಚಿವ ಆ್ಯಂಟನಿ ಬ್ಲಿಂಕೆನ್ ನೈಜೀರಿಯಾದ ರಾಜಧಾನಿ ಅಬುಜಾಕ್ಕೆ ಹೋಗುವ ಹೊತ್ತಿಗೆ ಆ ಹೆಸರು ಪಟ್ಟಿಯಲ್ಲಿರಲಿಲ್ಲ. 2025ರ ಅಕ್ಟೋಬರ್ ಕೊನೆಯಲ್ಲಿ ಡೊನಾಲ್ಡ್ ಟ್ರಂಪ್ ಅದನ್ನು ಮತ್ತೆ ಸೇರಿಸಿದರು. ಬೆನ್ನಿಗೇ ನೆರವು ನಿಲ್ಲಿಸುವ, ಸೇನೆ ನುಗ್ಗಿಸುವ ಬೆದರಿಕೆಯನ್ನೂ ಹಾಕಿದರು. ಚರ್ಚು, ಮಸೀದಿ ಎಂದು ನೋಡದೆ ಕೊಲ್ಲುವ ಉಗ್ರ ಸಂಘಟನೆ ಬೊಕೊ ಹರಾಮ್‌ನ ಹಿಂಸೆ ಈ ಐದು ವರ್ಷಗಳಲ್ಲಿ ನಿಂತಿರಲಿಲ್ಲ. ಬದಲಾಗಿದ್ದು ವಾಷಿಂಗ್ಟನ್ನಿನ ಸರ್ಕಾರ.

ಈ ಪಟ್ಟಿಗೆ ಮೂಲವಾದ, ಬಿಲ್ ಕ್ಲಿಂಟನ್ ಸಹಿ ಹಾಕಿದ 1998ರ ಅಂತರರಾಷ್ಟ್ರೀಯ ಧಾರ್ಮಿಕ ಸ್ವಾತಂತ್ರ್ಯ ಕಾಯ್ದೆಯ ಹುಳುಕು ಇಲ್ಲೇ ಕಾಣುತ್ತದೆ. ಪಟ್ಟಿಗೆ ಸೇರಿದ ದೇಶದ ವಿರುದ್ಧ ಖಾಸಗಿ ಆಕ್ಷೇಪದಿಂದ ಹಿಡಿದು ಆರ್ಥಿಕ ನಿರ್ಬಂಧದವರೆಗೆ 15 ಬಗೆಯ ಕ್ರಮಗಳನ್ನು ಕಾಯ್ದೆ ಸೂಚಿಸುತ್ತದೆ. ಜೊತೆಗೇ, ‘ರಾಷ್ಟ್ರೀಯ ಹಿತಾಸಕ್ತಿ’ಯ ಕಾರಣ ಕೊಟ್ಟು ವಿನಾಯಿತಿ ನೀಡುವ ಅಧಿಕಾರವನ್ನೂ ಅಧ್ಯಕ್ಷರ ಕೈಗಿಡುತ್ತದೆ. 2004ರಲ್ಲಿ ಪಟ್ಟಿ ಸೇರಿದ ಸೌದಿ ಅರೇಬಿಯಾಕ್ಕೆ 2006ರಲ್ಲಿ ಅನಿರ್ದಿಷ್ಟಾವಧಿ ವಿನಾಯಿತಿ ಸಿಕ್ಕಿತು. ತೈಲ, ಶಸ್ತ್ರಾಸ್ತ್ರ ವ್ಯಾಪಾರ ಎಂದಿನಂತೆ ನಡೆಯಿತು. ಬೈಗುಳ ಒಂದು ಕಡೆ, ವ್ಯವಹಾರ ಇನ್ನೊಂದು ಕಡೆ ಎಂಬುದು ಖಚಿತವಾದ ಮೇಲೆ ಪಟ್ಟಿಗೆ ಯಾರು ಅಂಜುತ್ತಾರೆ?

ಹಾಗೆಂದು ಹೊರಗಿನ ಒತ್ತಡಕ್ಕೆ ಬೆಲೆಯೇ ಇಲ್ಲ ಎನ್ನಲಾಗದು. 2004ರಲ್ಲಿ ವಿಯೆಟ್ನಾಂ ಪಟ್ಟಿಗೆ ಸೇರಿದಾಗ ಅದಕ್ಕೆ ವಿಶ್ವ ವಾಣಿಜ್ಯ ಸಂಘಟನೆಯ ಬಾಗಿಲು ತೆರೆಯಬೇಕಿತ್ತು. 2005ರಲ್ಲಿ ಉಭಯ ದೇಶಗಳು ಒಪ್ಪಂದ ಮಾಡಿಕೊಂಡವು. ಕೇಳಿದ್ದು ಸ್ಪಷ್ಟವಾಗಿತ್ತು: ಕೈದಿಗಳ ಬಿಡುಗಡೆ, ಮುಚ್ಚಿಸಿದ ಚರ್ಚುಗಳ ಪುನರಾರಂಭ, ಬಲವಂತವಾಗಿ ನಂಬಿಕೆ ಬಿಡಿಸುವುದಕ್ಕೆ ತಡೆ. ಒಂದಷ್ಟು ನೆರವೇರಿತು ಕೂಡ. ಆದರೆ 2006ರ ನವೆಂಬರ್‌ನಲ್ಲಿ ಜಾರ್ಜ್ ಬುಷ್ ಹನೋಯ್‌ಗೆ ಹೊರಡುವ ಮುನ್ನ ಹೆಸರು ತೆಗೆದದ್ದೇ ತಡ, ಅಮೆರಿಕದ ಹಿಡಿತ ಸಡಿಲವಾಯಿತು. 2022ರಲ್ಲಿ ವಿಯೆಟ್ನಾಂ ಒಂದು ಹಂತ ಕೆಳಗಿನ ‘ವಿಶೇಷ ನಿಗಾ ಪಟ್ಟಿ’ಯಲ್ಲಿತ್ತು. ಏನು ಬೇಕೆಂದು ಬಿಡಿಬಿಡಿಯಾಗಿ ಕೇಳಿದರೆ ಸಿಗುತ್ತದೆ, ಸಿಕ್ಕಿದ್ದು ಉಳಿಯಲು ಕಾವಲು ಬೇಕು ಎಂಬ ಎರಡು ಪಾಠಗಳೂ ಇದರಲ್ಲಿವೆ.

ಭಾರತಕ್ಕೂ ಈ ಕಾಯ್ದೆಯ ಬಿಸಿ ತಟ್ಟಿದೆ. ಗುಜರಾತ್ ಮುಖ್ಯಮಂತ್ರಿಯಾಗಿದ್ದ ನರೇಂದ್ರ ಮೋದಿ ಅವರ ವೀಸಾ 2005ರಲ್ಲಿ ರದ್ದಾದದ್ದು ಇದರಿಂದಲೇ ಹುಟ್ಟಿದ ನಿಯಮದಡಿ. ಪ್ರಧಾನಿಯಾದ 2014ರಲ್ಲಿ ಶ್ವೇತಭವನ ಅವರನ್ನು ಸ್ವಾಗತಿಸಿತು. ಭಾರತವನ್ನೂ ಪಟ್ಟಿಗೆ ಸೇರಿಸಿ ಎಂದು ಕಾಯ್ದೆಯಡಿಯ ಸ್ವತಂತ್ರ ಆಯೋಗ 2020ರಿಂದ ಪ್ರತಿವರ್ಷ ಶಿಫಾರಸು ಮಾಡುತ್ತಿದೆ, ಅಮೆರಿಕದ ವಿದೇಶಾಂಗ ಇಲಾಖೆ ಸೇರಿಸುತ್ತಿಲ್ಲ, ದೆಹಲಿ ಅದನ್ನು ಪೂರ್ವಗ್ರಹಪೀಡಿತ ಎಂದು ತಳ್ಳಿಹಾಕುತ್ತಿದೆ. ಆಯೋಗದ ವರದಿಯಲ್ಲಿ ಏನಿದೆ ಎಂಬುದಕ್ಕಿಂತ ಬರೆದವರು ಯಾರು ಎಂಬುದೇ ಇಲ್ಲಿನ ಚರ್ಚೆಯಾಗುತ್ತದೆ. ಸ್ನೇಹಿತರಿಗೊಂದು, ಶತ್ರುಗಳಿಗೊಂದು ಅಳತೆಗೋಲು ಇಟ್ಟುಕೊಂಡವರ ಮಾತಿಗೆ ಇದಕ್ಕಿಂತ ಬೇರೆ ಗತಿಯಿಲ್ಲ. ಆ ನೆಪದಲ್ಲಿ, ಧಾರ್ಮಿಕ ಸ್ವಾತಂತ್ರ್ಯ ಕೊಡುವ ನಮ್ಮ ಸಂವಿಧಾನದ 25ನೇ ವಿಧಿಯ ಹೊಣೆಯಿಂದ ನಾವು ನುಣುಚಿಕೊಳ್ಳುವುದೂ ತಪ್ಪೇ.

ನೆರವಿನ ವಿಷಯದಲ್ಲಿ ಅಪಾಯ ಇನ್ನೂ ಸೂಕ್ಷ್ಮ. 2014ರಲ್ಲಿ ಇಸ್ಲಾಮಿಕ್ ಸ್ಟೇಟ್ ಉಗ್ರರು ಇರಾಕಿನ ಸಿಂಜಾರ್‌ನಲ್ಲಿ ಯಜೀದಿ ಅಲ್ಪಸಂಖ್ಯಾತರ ನರಮೇಧ ನಡೆಸಿದರು, ನಿನೆವೆ ಬಯಲಿನ ಕ್ರೈಸ್ತರನ್ನು ಓಡಿಸಿದರು. ವಿಶ್ವಸಂಸ್ಥೆಯನ್ನು ಬದಿಗಿಟ್ಟು ಈ ಸಮುದಾಯಗಳಿಗೆ ನೇರ ನೆರವು ಕೊಡುವುದಾಗಿ 2017ರಲ್ಲಿ ಅಮೆರಿಕದ ಉಪಾಧ್ಯಕ್ಷ ಮೈಕ್ ಪೆನ್ಸ್ ಘೋಷಿಸಿದರು. ಉದ್ದೇಶ ಒಳ್ಳೆಯದೇ. ಆದರೆ ಮನೆ ಕಳೆದುಕೊಂಡ ಸುನ್ನಿ ಕುಟುಂಬ ಪಕ್ಕದಲ್ಲೇ ನಿಂತಿರುವಾಗ ಧರ್ಮ ಕೇಳಿ ಅಕ್ಕಿ ಅಳೆದರೆ, ನಾಳೆ ನೆರೆಯವರ ಕಣ್ಣಲ್ಲಿ ಅಲ್ಪಸಂಖ್ಯಾತರೇ ‘ಅಮೆರಿಕದವರು’ ಆಗಿಬಿಡುತ್ತಾರೆ. ರಕ್ಷಣೆಗೆಂದು ಕೊಟ್ಟದ್ದೇ ಗುರಿ ತೋರಿಸುತ್ತದೆ.

ಈಗಂತೂ ನೆರವು ಕೊಡುವ ಆ ಕೈಯೂ ಇಲ್ಲ. ಧಾರ್ಮಿಕ ಸ್ವಾತಂತ್ರ್ಯದ ಕಾರ್ಯಕ್ರಮಗಳಿಗೆ ವರ್ಷಕ್ಕೆ ಕನಿಷ್ಠ 5 ಕೋಟಿ ಡಾಲರ್ ಮೀಸಲಿಡಬೇಕೆಂದು 2020ರಲ್ಲಿ ಆದೇಶಿಸಿದ್ದವರು ಟ್ರಂಪ್. ಆ ಕೆಲಸದಲ್ಲಿ ಕೈಜೋಡಿಸಬೇಕಿದ್ದ ಅಮೆರಿಕದ ನೆರವು ಸಂಸ್ಥೆ ಯುಎಸ್‌ಏಡ್ ಅನ್ನು 2025ರ ಜುಲೈನಲ್ಲಿ ಮುಚ್ಚಿದ್ದೂ ಅವರದೇ ಸರ್ಕಾರ. ಹಣೆಪಟ್ಟಿ ಹಚ್ಚುವ ಕೆಲಸವೊಂದು ಉಳಿದಿದೆ. ಸಿಂಜಾರ್‌ನ ಯಜೀದಿ ತನ್ನ ಗುಡಿಗೆ ಮರಳಬೇಕಾದರೆ ಹಣೆಪಟ್ಟಿ ಸಾಲದು, ಮೊದಲು ಊರಿಗೆ ಮರಳಬೇಕು. ಅದಕ್ಕೆ ನೆಲದೊಳಗಿನ ಸಿಡಿಗುಂಡು ತೆಗೆಯಬೇಕು, ಕೊಳಾಯಿಯಲ್ಲಿ ನೀರು ಬರಬೇಕು, ಠಾಣೆಯಲ್ಲಿ ದೂರು ಬರೆದುಕೊಳ್ಳುವವರು ಇರಬೇಕು. ಇವು ಪಕ್ಕದ ಮನೆಯ ಮುಸ್ಲಿಮನಿಗೂ ಬೇಕಾದವೇ.