ಜಾಲತಾಣಕ್ಕೂ ಬೇಕು ಪಹಣಿ

ಜೇನು, ಕಾಳುಮೆಣಸು, ಮುರುಗಲು, ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳಗಳನ್ನು ದಲ್ಲಾಳಿಯ ಹಂಗಿಲ್ಲದೆ ದೂರದ ಗ್ರಾಹಕರಿಗೆ ಮಾರಲು ಮಲೆನಾಡಿನ ಸಣ್ಣ ಗೃಹೋದ್ಯಮಗಳು ಜಾಲತಾಣ ತೆರೆಯುವುದು ಸ್ವಾಗತಾರ್ಹವೇ. ಆದರೆ ಮಂಡಿಯ ದಲ್ಲಾಳಿಯಿಂದ ಪಾರಾದವರು ಅಂತರ್ಜಾಲದ ದಲ್ಲಾಳಿಯ ಕೈಗೆ ಸಿಕ್ಕಿಬಿದ್ದರೆ ಬಂದ ಭಾಗ್ಯವೇನು? ‘ಉಚಿತ’, ‘ಅಪರಿಮಿತ’, ‘ತಿಂಗಳಿಗೆ ಕೆಲವೇ ರೂಪಾಯಿ’ ಎಂಬ ಜಾಹೀರಾತು ನೋಡಿ ಹೋಸ್ಟಿಂಗ್ ಕಂಪನಿಯನ್ನು ಆರಿಸುವುದೆಂದರೆ ಕರಾರು ಓದದೆ ಹೆಬ್ಬೆಟ್ಟು ಒತ್ತಿದಂತೆಯೇ ಸರಿ.

ಜಾಲತಾಣಕ್ಕೆ ಎರಡು ಸಂಗತಿಗಳು ಬೇಕು. ಒಂದು ಹೆಸರು, ಅಂದರೆ ಡೊಮೈನ್. ಇನ್ನೊಂದು ಸದಾ ಚಾಲನೆಯಲ್ಲಿರುವ ಸರ್ವರ್‌ನಲ್ಲಿ ಬಾಡಿಗೆಯ ಜಾಗ, ಅಂದರೆ ಹೋಸ್ಟಿಂಗ್. ಜಾಗ ಬಾಡಿಗೆಯದಾದರೆ ಅಡ್ಡಿಯಿಲ್ಲ. ಹೆಸರು ಮಾತ್ರ ಸ್ವಂತದ್ದಾಗಿರಲೇಬೇಕು. ತಾಣ ಕಟ್ಟಿಕೊಟ್ಟ ಪೇಟೆಯ ಗುತ್ತಿಗೆದಾರ ಡೊಮೈನನ್ನು ತನ್ನ ಹೆಸರಿನಲ್ಲೇ ನೋಂದಾಯಿಸಿಕೊಂಡರೆ, ದುಡಿದವರು ಒಬ್ಬರು, ಪಹಣಿ ಇನ್ನೊಬ್ಬರದು. ಗೇಣಿಯ ಕಷ್ಟ ಕಂಡ ನಾಡಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

1951ರ ಕಾಗೋಡು ಸತ್ಯಾಗ್ರಹದಲ್ಲಿ ಗೇಣಿ ಅಳೆಯುವ ಕೊಳಗದ ಗಾತ್ರವೇ ಒಂದು ಮುಖ್ಯ ಪ್ರಶ್ನೆಯಾಗಿತ್ತು. ಹೋಸ್ಟಿಂಗ್ ಕಂಪನಿಗಳ ಕೊಳಗವನ್ನೂ ಹಾಗೆಯೇ ಪರೀಕ್ಷಿಸಬೇಕು. ‘ಶೇ. 99.9ರಷ್ಟು ಕಾಲ ತಾಣ ತೆರೆದಿರುತ್ತದೆ’ ಎಂಬ ಭರವಸೆಯಲ್ಲಿಯೂ ವರ್ಷಕ್ಕೆ ಸುಮಾರು 8 ಗಂಟೆ 45 ನಿಮಿಷ ಮುಚ್ಚಿರಲು ಅವಕಾಶವಿದೆ. ಶೇ. 99 ಎಂದರೆ ಮೂರೂವರೆ ದಿನಕ್ಕೂ ಹೆಚ್ಚು. ‘ಅಪರಿಮಿತ ಜಾಗ’ ಎಂಬುದಕ್ಕೆ ಕರಾರಿನ ಒಳಪುಟಗಳಲ್ಲಿ ‘ನ್ಯಾಯಯುತ ಬಳಕೆ’ ಎಂಬ ಮಿತಿ ಅಡಗಿರುತ್ತದೆ. ಜಾಹೀರಾತಿನ ದರ ಸಾಮಾನ್ಯವಾಗಿ ಮೊದಲ ಅವಧಿಗೆ ಮಾತ್ರ, ಅದೂ ಹಲವು ವರ್ಷಗಳ ಹಣವನ್ನು ಮುಂಗಡವಾಗಿ ಕಟ್ಟಿದವರಿಗೆ. ನವೀಕರಣದ ವೇಳೆ ಅದು ಎಷ್ಟೋ ಕಡೆ ಇಮ್ಮಡಿ, ಮುಮ್ಮಡಿಯಾಗುತ್ತದೆ. ಆದ್ದರಿಂದ ಹೋಲಿಸಬೇಕಾದದ್ದು ಮೊದಲ ವರ್ಷದ ದರವನ್ನಲ್ಲ, ಐದು ವರ್ಷಗಳ ಒಟ್ಟು ವೆಚ್ಚವನ್ನು.

ಇನ್ನು ‘ಉಚಿತ’ದ ಮಾತು. ಲಕ್ಷಾಂತರ ಜನರು ಪುಟ ಕಟ್ಟಿಕೊಂಡಿದ್ದ ಜಿಯೋಸಿಟೀಸ್ ಅನ್ನು ಯಾಹೂ 2009ರಲ್ಲಿ ಮುಚ್ಚಿತು. ಸಣ್ಣ ವ್ಯಾಪಾರಿಗಳಿಗೆಂದೇ ಗೂಗಲ್ ಕೊಟ್ಟಿದ್ದ ಉಚಿತ ಜಾಲತಾಣಗಳು 2024ರ ಮಾರ್ಚ್‌ನಲ್ಲಿ ಸ್ಥಗಿತಗೊಂಡವು. ಅಂಗಡಿಯ ಫಲಕದ ಮೇಲೂ ಚೀಟಿಯ ಮೇಲೂ ಆ ವಿಳಾಸ ಬರೆಸಿದ್ದವರ ಗತಿಯೇನು? ಬಾಡಿಗೆ ಪಡೆಯದ ಒಡೆಯನಿಗೆ ಉಳಿಸಿಕೊಳ್ಳುವ ಹೊಣೆಯೂ ಇರುವುದಿಲ್ಲ.

‘ವಾಟ್ಸಾಪ್, ಇನ್‌ಸ್ಟಾಗ್ರಾಂ ಇರುವಾಗ ಜಾಲತಾಣವೇಕೆ?’ ಎಂದು ಕೇಳುವವರಿದ್ದಾರೆ. ಸಂತೆಗೆ ಹೋಗುವುದು ತಪ್ಪಲ್ಲ. ಆದರೆ ಸಂತೆಯ ಕಟ್ಟೆಯನ್ನೇ ಮನೆಯೆಂದು ನಂಬಿದರೆ, ಕಟ್ಟೆಯಿಂದ ಎಬ್ಬಿಸಿದ ದಿನ ಗ್ರಾಹಕರ ಪಟ್ಟಿಯೂ ಹೋಗುತ್ತದೆ, ಗಳಿಸಿದ ಹೆಸರೂ ಹೋಗುತ್ತದೆ.

ಹಣ ಕೊಟ್ಟ ಮಾತ್ರಕ್ಕೆ ನಿಶ್ಚಿಂತೆಯೂ ಸಲ್ಲದು. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಸರ್ವರ್ ಕಟ್ಟಡವೊಂದು ಬೆಂಕಿಗೆ ಆಹುತಿಯಾಯಿತು. ಬೇರೆಡೆ ಪ್ರತಿ ಇಟ್ಟುಕೊಂಡಿರದ ಗ್ರಾಹಕರ ಮಾಹಿತಿ ಮತ್ತೆ ಸಿಗಲೇ ಇಲ್ಲ. ಬಿತ್ತನೆಯ ಬೀಜವನ್ನೆಲ್ಲ ಒಂದೇ ಕಣಜದಲ್ಲಿ ಇಡದ ರೈತನ ವಿವೇಕ ಇಲ್ಲಿಯೂ ಬೇಕು. ಕಂಪನಿ ದಿನವೂ ಪ್ರತಿ ತೆಗೆಯುತ್ತದೆಯೇ, ಅದನ್ನು ಎಲ್ಲಿ ಇಡುತ್ತದೆ, ಮರಳಿ ಕೊಡಲು ಬೇರೆ ಶುಲ್ಕವಿದೆಯೇ ಎಂದು ಕೇಳಬೇಕು. ತಿಂಗಳಿಗೊಮ್ಮೆಯಾದರೂ ಇಡೀ ತಾಣದ ಪ್ರತಿಯನ್ನು ಇಳಿಸಿ ಸ್ವಂತ ಕಂಪ್ಯೂಟರಿನಲ್ಲಿ ಇಡಬೇಕು.

ಸರ್ವರ್ ಗಾಳಿಯಲ್ಲಿ ತೇಲುವ ಮೋಡವಲ್ಲ. ಅದು ವಿದ್ಯುತ್ತನ್ನೂ ತಂಪುಗೊಳಿಸಲು ನೀರನ್ನೂ ಬೇಡುವ ಕಾರ್ಖಾನೆ. 2024ರಲ್ಲಿ ಜಗತ್ತಿನ ಒಟ್ಟು ವಿದ್ಯುತ್ ಬಳಕೆಯ ಸುಮಾರು ಶೇ. 1.5ರಷ್ಟು ದತ್ತಾಂಶ ಕೇಂದ್ರಗಳ ಪಾಲಾಯಿತೆಂದು ಅಂತರರಾಷ್ಟ್ರೀಯ ಇಂಧನ ಸಂಸ್ಥೆ ಅಂದಾಜಿಸಿದೆ. ನಾಡಿನ ಬೆಳಕಿಗಾಗಿ ಶರಾವತಿ ಕಣಿವೆಯಲ್ಲಿ ಮುಳುಗಿದ ಊರುಗಳನ್ನು ಬಲ್ಲವರು ಈ ಲೆಕ್ಕವನ್ನು ಕಡೆಗಣಿಸಬಾರದು. ವಿದ್ಯುತ್ತಿನ ಮೂಲವನ್ನು ಬಹಿರಂಗಪಡಿಸುವ ಕಂಪನಿಗೆ ಆದ್ಯತೆ ಸಲ್ಲಲಿ. ತಾಣವೂ ಹಗುರವಾಗಿರಲಿ: ಕೆಲವು ಪುಟ, ಚಿಕ್ಕ ಚಿತ್ರ, ಬೆಲೆಪಟ್ಟಿ, ದೂರವಾಣಿ ಸಂಖ್ಯೆ ಸಾಕು. ಇಂಥ ತಾಣಕ್ಕೆ ಕಂಪನಿಯ ಅತಿ ಸಣ್ಣ ಯೋಜನೆಯೇ ಸಾಲುತ್ತದೆ. ಸಿಗ್ನಲ್ ಕ್ಷೀಣವಾಗಿರುವ ಕಣಿವೆಯಲ್ಲೂ ಅದು ತೆರೆದುಕೊಳ್ಳುತ್ತದೆ.

ಹಣ ಕಟ್ಟುವ ಮುನ್ನ ಕೇಳಬೇಕಾದ ಪ್ರಶ್ನೆಗಳು ಇಷ್ಟೇ: ಡೊಮೈನ್ ಯಾರ ಹೆಸರಿನಲ್ಲಿ, ಯಾರ ಇ-ಮೇಲ್ ವಿಳಾಸದಲ್ಲಿ ನೋಂದಣಿಯಾಗುತ್ತದೆ? ನವೀಕರಣದ ದರವೆಷ್ಟು? ತಾಣ ಕೆಟ್ಟಾಗ ಫೋನಿಗೆ ಮನುಷ್ಯರು ಸಿಗುತ್ತಾರೆಯೇ? ಸುರಕ್ಷತಾ ಪ್ರಮಾಣಪತ್ರಕ್ಕೆ ಬೇರೆ ಹಣ ಕೇಳುತ್ತಾರೆಯೇ? ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಅದನ್ನು ಉಚಿತವಾಗಿಯೇ ನೀಡುತ್ತಿರುವಾಗ ಅದಕ್ಕಾಗಿ ಸಣ್ಣ ಉದ್ಯಮವೊಂದು ಹಣ ತೆರಬೇಕಾಗಿಲ್ಲ. ಕೊನೆಯದಾಗಿ, ಬಿಟ್ಟು ಹೋಗಬೇಕೆಂದರೆ ಡೊಮೈನ್ ವರ್ಗಾವಣೆಯ ಸಂಕೇತವನ್ನೂ ಕಡತಗಳನ್ನೂ ತಕರಾರಿಲ್ಲದೆ ಕೊಡುತ್ತಾರೆಯೇ?

ಈ ಪ್ರಶ್ನೆಗಳಿಗೆ ಲಿಖಿತ ಉತ್ತರ ಕೊಡದ ಕಂಪನಿ ಎಷ್ಟೇ ಅಗ್ಗವಾಗಿದ್ದರೂ ದುಬಾರಿಯೇ. ಕಾಲೇಜಿನಲ್ಲಿ ಕಂಪ್ಯೂಟರ್ ಕಲಿತ ಹಳ್ಳಿಯ ಮಕ್ಕಳು ರಜೆಯಲ್ಲಿ ಮನೆಗೆ ಬಂದಾಗ ತಮ್ಮೂರಿನ ಗೃಹೋದ್ಯಮದ ಡೊಮೈನ್ ಯಾರ ಹೆಸರಿನಲ್ಲಿದೆ ಎಂಬುದನ್ನು ಮೊದಲು ಪರಿಶೀಲಿಸಲಿ. ಬೇರೆಯವರ ಹೆಸರಿನಲ್ಲಿದ್ದರೆ ಹೊಸ ಚಿತ್ರ, ಹೊಸ ಬಣ್ಣಗಳ ಮಾತು ಆಮೇಲೆ. ಪಹಣಿ ತಿದ್ದುಪಡಿಯೇ ಮೊದಲ ಕೆಲಸ.