ದೋಷಶೋಧನೆಯೂ ವಿಜ್ಞಾನಶಿಕ್ಷಣವೇ

2025ನೆಯ ಇಸವಿಯ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10 ಎಂಬ ಕಾರ್ಯಾಚರಣ ವ್ಯವಸ್ಥೆಗೆ ತಾನು ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಅದರ ಸ್ಥಾನಕ್ಕೆ ಬಂದ ವಿಂಡೋಸ್ 11 ಅನೇಕ ಹಳೆಯ ಯಂತ್ರಗಳನ್ನು ನಿಯಮದ ಪ್ರಕಾರ ಅಂಗೀಕರಿಸುವುದಿಲ್ಲ; ಟಿ.ಪಿ.ಎಂ. 2.0 ಎಂಬ ರಕ್ಷಣಾ ಸಾಧನವೂ ಸಾಕಷ್ಟು ಹೊಸದಾದ ಪ್ರೊಸೆಸರೂ ಇರಲೇಬೇಕೆಂಬುದು ಅದರ ಕಟ್ಟಳೆ. ಚೆನ್ನಾಗಿ ನಡೆಯುತ್ತಿರುವ ಯಂತ್ರವನ್ನು ಮೂಲೆಗೆ ತಳ್ಳಲು ಮನಸ್ಸೊಪ್ಪದ ವಿದ್ಯಾರ್ಥಿಗಳು ಪೆನ್‌ಡ್ರೈವಿನ ಮೂಲಕ ಲಿನಕ್ಸ್ ವ್ಯವಸ್ಥೆಯನ್ನು ತಾವೇ ಸ್ಥಾಪಿಸಿಕೊಳ್ಳಲು ಮುಂದಾಗುವುದು ಸಹಜವಾಗಿದೆ, ಮೆಚ್ಚತಕ್ಕದ್ದೂ ಆಗಿದೆ.

ಆದರೆ ಈ ಕಾರ್ಯವು ಮೊದಲ ಯತ್ನದಲ್ಲೇ ಎಲ್ಲರಿಗೂ ಕೈಗೂಡುವುದಿಲ್ಲ. ಯಂತ್ರವು ಪೆನ್‌ಡ್ರೈವನ್ನು ಗಮನಿಸದೆ ಹಳೆಯ ವ್ಯವಸ್ಥೆಯನ್ನೇ ಎಬ್ಬಿಸಬಹುದು. ಪರದೆಯು ಕಪ್ಪಾಗಿ ನಿಂತುಬಿಡಬಹುದು. ಅರ್ಧ ನಡೆದ ಸ್ಥಾಪನೆಯು ಒಂದು ದೋಷಸೂಚನೆಯನ್ನು ತೋರಿಸಿ ಮುಂದುವರಿಯಲು ನಿರಾಕರಿಸಬಹುದು. ಆಗ ಸಾಮಾನ್ಯವಾಗಿ ನಡೆಯುವುದೇನು? ಯಂತ್ರದ ನಾಲ್ಕಾರು ಸೆಟ್ಟಿಂಗುಗಳನ್ನು ಒಟ್ಟಿಗೆ ಬದಲಿಸುತ್ತಾರೆ. ಯಾರೋ ಹೇಳಿದ ಆಜ್ಞೆಗಳನ್ನು ಅರ್ಥ ತಿಳಿಯದೆಯೇ ಬೆರಳಚ್ಚಿಸುತ್ತಾರೆ. ಕೊನೆಗೆ ಬೇಸತ್ತು ಯಂತ್ರವನ್ನು ಅಂಗಡಿಗೆ ಒಯ್ಯುತ್ತಾರೆ. ಅಲ್ಲಿ ಡಿಸ್ಕನ್ನು ಪೂರ್ತಿಯಾಗಿ ಅಳಿಸಿ ಹೊಸದಾಗಿ ತುಂಬಿಕೊಟ್ಟರೆ ಯಂತ್ರವೇನೋ ಎದ್ದು ನಡೆಯುತ್ತದೆ. ಅದರೊಡನೆ ಎರಡು ವರ್ಷಗಳ ಟಿಪ್ಪಣಿಗಳೂ ಪ್ರಾಜೆಕ್ಟಿನ ವರದಿಯೂ ಅಳಿದುಹೋಗಿರುತ್ತವೆ. ಮೊದಲು ಅದು ಏಕೆ ಏಳಲಿಲ್ಲವೆಂಬುದು ಮಾತ್ರ ಯಾರಿಗೂ ತಿಳಿಯುವುದಿಲ್ಲ.

ಈ ಅಜ್ಞಾನವೇ ಅತ್ಯಂತ ದೊಡ್ಡ ನಷ್ಟವೆಂದು ನನ್ನ ಅಭಿಪ್ರಾಯ. ದೋಷವನ್ನು ಕ್ರಮವಾಗಿ ಹುಡುಕುವುದು ವಿಜ್ಞಾನದ ರೀತಿಯೇ ಹೊರತು ಬೇರೊಂದಲ್ಲ. ಅದನ್ನು ನಮ್ಮ ಪ್ರಯೋಗಶಾಲೆಗಳಲ್ಲಿ ಕಲಿಸದಿರುವುದು ನಮ್ಮ ಶಿಕ್ಷಣದ ದೊಡ್ಡ ಕೊರತೆ. ಇದನ್ನು ಸ್ವಲ್ಪ ವಿವರವಾಗಿ ವಿಚಾರಮಾಡೋಣ.

ಪೆನ್‌ಡ್ರೈವಿನಿಂದ ಕಾರ್ಯಾಚರಣ ವ್ಯವಸ್ಥೆಯನ್ನು ಸ್ಥಾಪಿಸುವುದು ಒಂದೇ ಕ್ರಿಯೆಯೆಂದು ತೋರಿದರೂ ವಾಸ್ತವವಾಗಿ ಅದು ಆರು ಕೊಂಡಿಗಳ ಸರಪಳಿ. ಮೊದಲನೆಯದು, ಜಾಲದಿಂದ ಇಳಿಸಿಕೊಂಡ ಐ.ಎಸ್.ಓ. ಕಡತ. ಎರಡನೆಯದು, ಅದನ್ನು ಪೆನ್‌ಡ್ರೈವಿಗೆ ಸರಿಯಾದ ರೀತಿಯಲ್ಲಿ ಬರೆಯುವುದು. ಮೂರನೆಯದು, ಯಂತ್ರದ ಫರ್ಮ್‌ವೇರ್ ಆ ಪೆನ್‌ಡ್ರೈವನ್ನು ಕಂಡು ಗುರುತಿಸುವುದು. ನಾಲ್ಕನೆಯದು, ಅದರಲ್ಲಿನ ಪ್ರಾರಂಭಕ ತಂತ್ರಾಂಶವನ್ನು ನಂಬಿ ಅದಕ್ಕೆ ಅಧಿಕಾರ ವಹಿಸುವುದು. ಐದನೆಯದು, ಹೀಗೆ ಎದ್ದ ಹೊಸ ವ್ಯವಸ್ಥೆಯು ತನ್ನದೇ ಡ್ರೈವರುಗಳಿಂದ ಪೆನ್‌ಡ್ರೈವನ್ನೂ ಒಳಗಿನ ಡಿಸ್ಕನ್ನೂ ಕಾಣುವುದು. ಆರನೆಯದು, ಡಿಸ್ಕಿನ ಮೇಲೆ ಬರೆದು, ಮುಂದಿನ ಸಲ ಎಲ್ಲಿಂದ ಏಳಬೇಕೆಂಬುದನ್ನು ಫರ್ಮ್‌ವೇರಿಗೆ ತಿಳಿಸುವುದು. ಯಾವ ಕೊಂಡಿ ಕಳಚಿದರೂ ನೋಡುವವನಿಗೆ ಕಾಣುವ ಫಲ ಒಂದೇ: ಸ್ಥಾಪನೆ ಆಗಲಿಲ್ಲ. ಆದರೆ ಪ್ರತಿಯೊಂದು ಕೊಂಡಿಗೂ ಅದರದೇ ಆದ ಲಕ್ಷಣವುಂಟು. ಅದರದೇ ಆದ ಪರೀಕ್ಷೆಯೂ ಉಂಟು.

ಕಡತವು ದಾರಿಯಲ್ಲಿ ಕೆಟ್ಟಿದೆಯೆ ಎಂಬುದನ್ನು ಊಹಿಸಬೇಕಾಗಿಲ್ಲ. ಅದನ್ನು ಹಂಚುವವರು ಎಸ್.ಎಚ್.ಎ.-256 ಎಂಬ ಗಣಿತ ವಿಧಾನದಿಂದ ಪಡೆದ 64 ಅಂಕಾಕ್ಷರಗಳ ಮುದ್ರೆಯೊಂದನ್ನು ಸಾಮಾನ್ಯವಾಗಿ ಪ್ರಕಟಿಸಿರುತ್ತಾರೆ. ಕಡತದಲ್ಲಿ ಒಂದೇ ಒಂದು ಬಿಟ್ಟು ಬದಲಾಗಿದ್ದರೂ ಮುದ್ರೆಯು ಗುರುತುಸಿಕ್ಕದಷ್ಟು ಬೇರೆಯಾಗುತ್ತದೆ. ಎರಡನ್ನೂ ಹೋಲಿಸಿದರೆ ಮೊದಲ ಕೊಂಡಿಯ ಸಂಶಯ ತೀರಿತು. ಎರಡನೆಯ ಕೊಂಡಿಯಲ್ಲಿ ಅನೇಕರು ಎಡವುತ್ತಾರೆ. ಐ.ಎಸ್.ಓ. ಕಡತವನ್ನು ಹಾಡಿನ ಕಡತದಂತೆ ಪೆನ್‌ಡ್ರೈವಿಗೆ ನಕಲು ಮಾಡಿದರೆ ಅದು ಬರಿಯ ಕಡತವಾಗಿಯೇ ಉಳಿಯುತ್ತದೆ. ಹಳೆಯ ಬಯಾಸ್ ಪದ್ಧತಿಯ ಯಂತ್ರವು 512 ಬೈಟುಗಳ ಮೊದಲ ಸೆಕ್ಟರನ್ನು ಓದಿ, ಅದರ ಕೊನೆಯ ಎರಡು ಬೈಟುಗಳಲ್ಲಿ ನಿಯತವಾದ ಗುರುತನ್ನು ಹುಡುಕುತ್ತದೆ. ಯು.ಇ.ಎಫ್.ಐ. ಪದ್ಧತಿಯ ಹೊಸ ಯಂತ್ರವಾದರೋ ಫ್ಯಾಟ್ ಮಾದರಿಯ ವಿಭಾಗದಲ್ಲಿ, ಗೊತ್ತಾದ ಕೋಶದಲ್ಲಿ, ಗೊತ್ತಾದ ಹೆಸರಿನ ಕಡತವಿದೆಯೆ ಎಂದು ನೋಡುತ್ತದೆ. ಅವು ಇಲ್ಲವಾದರೆ ಯಂತ್ರದ ಪಾಲಿಗೆ ಆ ಪೆನ್‌ಡ್ರೈವು ಖಾಲಿಯಿದ್ದಂತೆಯೇ.

ಇನ್ನೊಂದು ಮಿತಿಯನ್ನೂ ಇಲ್ಲಿ ಹೇಳಬೇಕು. ಫ್ಯಾಟ್-32 ಪದ್ಧತಿಯಲ್ಲಿ ಕಡತದ ಉದ್ದವನ್ನು 32 ಬಿಟ್ಟುಗಳಲ್ಲಿ ಬರೆಯುವುದರಿಂದ ಯಾವ ಕಡತವೂ 4,29,49,67,295 ಬೈಟುಗಳನ್ನು ಮೀರುವಂತಿಲ್ಲ. ವಿಂಡೋಸ್ ಸ್ಥಾಪನೆಯ ಮುಖ್ಯ ಕಡತವು ಈಗ ಅನೇಕ ವೇಳೆ ಇದನ್ನು ಮೀರುತ್ತದೆ. ಪೆನ್‌ಡ್ರೈವಿನಲ್ಲಿ ಬೇಕಾದಷ್ಟು ಜಾಗವಿದ್ದರೂ ನಕಲು ನಡುವೆಯೇ ನಿಂತುಹೋಗುವುದು ಈ ಕಾರಣದಿಂದ. ಆಗ ದೊಡ್ಡ ಪೆನ್‌ಡ್ರೈವನ್ನು ಕೊಂಡುತಂದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಯಿತು. ಕಡತವನ್ನು ತುಂಡುಮಾಡಿ ಬರೆಯುವುದು, ಇಲ್ಲವೆ ಅದಕ್ಕೆಂದೇ ಇರುವ ತಂತ್ರಾಂಶವನ್ನು ಬಳಸುವುದು ಸರಿಯಾದ ಮಾರ್ಗ.

ದೋಷಸೂಚನೆಯನ್ನು ಹೇಗೆ ಓದಬೇಕೆಂಬುದಕ್ಕೆ ವಿಂಡೋಸ್ 7ರ ಇತಿಹಾಸದಲ್ಲಿ ಒಳ್ಳೆಯ ನಿದರ್ಶನವಿದೆ. 2009ರಲ್ಲಿ ಬಿಡುಗಡೆಯಾದ ಆ ವ್ಯವಸ್ಥೆಯಲ್ಲಿ ಯು.ಎಸ್.ಬಿ. 3.0ಕ್ಕೆ ಬೇಕಾದ ಡ್ರೈವರ್ ಇರಲಿಲ್ಲ. ಪೆನ್‌ಡ್ರೈವನ್ನು ಹೊಸ ಮಾದರಿಯ ರಂಧ್ರಕ್ಕೆ ಸಿಕ್ಕಿಸಿ ಸ್ಥಾಪನೆಯನ್ನು ಆರಂಭಿಸಿದರೆ ಮೊದಲ ಪರದೆಗಳು ಸರಿಯಾಗಿಯೇ ಬರುತ್ತಿದ್ದವು; ಬಳಿಕ ಸಿ.ಡಿ. ಅಥವಾ ಡಿ.ವಿ.ಡಿ. ಸಾಧನದ ಡ್ರೈವರ್ ಇಲ್ಲವೆಂಬ ಸೂಚನೆ ಬರುತ್ತಿತ್ತು. ಡಿ.ವಿ.ಡಿ.ಯನ್ನೇ ಉಪಯೋಗಿಸದವರಿಗೆ ಈ ಮಾತು ಒಗಟಾಗಿ ಕಂಡದ್ದು ಆಶ್ಚರ್ಯವಲ್ಲ. ನಿಜವಾಗಿ ನಡೆದದ್ದೇನೆಂದರೆ, ಮೊದಲ ಹಂತದಲ್ಲಿ ಪೆನ್‌ಡ್ರೈವನ್ನು ಓದಿದ್ದು ಯಂತ್ರದ ಫರ್ಮ್‌ವೇರ್. ಅಧಿಕಾರವು ವಿಂಡೋಸಿನ ಕೈಗೆ ಬಂದೊಡನೆ ಅದೇ ಪೆನ್‌ಡ್ರೈವು ಅದರ ದೃಷ್ಟಿಯಿಂದ ಮರೆಯಾಯಿತು. ತಾನು ಎಲ್ಲಿಂದ ಬಂದೆನೋ ಆ ಸ್ಥಳವೇ ಅದಕ್ಕೆ ಕಾಣದಾಯಿತು. ಯು.ಎಸ್.ಬಿ. 2.0 ರಂಧ್ರವಿದ್ದ ಯಂತ್ರಗಳಲ್ಲಿ ಪೆನ್‌ಡ್ರೈವನ್ನು ಅಲ್ಲಿಗೆ ಬದಲಿಸಿದರೆ ಸಾಕಾಗುತ್ತಿತ್ತು. 2015ರಲ್ಲಿ ಇಂಟೆಲ್ ಸಂಸ್ಥೆಯ ಸ್ಕೈಲೇಕ್ ಯಂತ್ರಗಳು ಬಂದಾಗ ಹಳೆಯ ನಿಯಂತ್ರಕವನ್ನೇ ತೆಗೆದುಹಾಕಿದ್ದುದರಿಂದ ಆ ಉಪಾಯವೂ ನಡೆಯದೆ, ಸ್ಥಾಪನೆಯ ಕಡತದೊಳಕ್ಕೆ ಡ್ರೈವರನ್ನು ಮೊದಲೇ ಸೇರಿಸಬೇಕಾಯಿತು.

ಸೂಚನೆಯು ಸುಳ್ಳಾಡಲಿಲ್ಲ, ತನಗೆ ಕಂಡಷ್ಟನ್ನು ಹೇಳಿತು. ಅದು ಮಾಪಕದ ಮುಳ್ಳಿನಂತೆ. ಪೊಟೆನ್ಷಿಯೋಮೀಟರಿನ ಪ್ರಯೋಗವನ್ನು ಮಾಡಿದ ವಿದ್ಯಾರ್ಥಿಗಳಿಗೆ ಇದು ಪರಿಚಿತ. ತಂತಿಯ ಎರಡು ತುದಿಗಳಲ್ಲಿಯೂ ಗ್ಯಾಲ್ವನೋಮೀಟರಿನ ಮುಳ್ಳು ಒಂದೇ ಪಕ್ಕಕ್ಕೆ ವಾಲಿದರೆ ಕೋಶದ ಧ್ರುವಗಳು ಅದಲುಬದಲಾಗಿರಬಹುದು, ಅಥವಾ ಮುಖ್ಯ ಮಂಡಲದ ವೋಲ್ಟೇಜು ಸಾಲದಿರಬಹುದು. ಯಾವುದೆಂಬುದನ್ನು ಮುಳ್ಳು ಹೇಳಲಾರದು. ನಾವು ಪರೀಕ್ಷಿಸಿ ತಿಳಿಯಬೇಕು.

ಪರೀಕ್ಷಿಸುವ ಕ್ರಮವು ಸರಳವಾಗಿದೆ. ಸರಪಳಿಯನ್ನು ಇಬ್ಭಾಗಿಸಬೇಕು. ಏಳಲೊಲ್ಲದ ಪೆನ್‌ಡ್ರೈವನ್ನು ಅದೇ ಪದ್ಧತಿಯ ಫರ್ಮ್‌ವೇರ್ ಇರುವ ಇನ್ನೊಂದು ಯಂತ್ರಕ್ಕೆ ಹಾಕಿ ನೋಡುವುದು ಇದರಲ್ಲಿ ಅತ್ಯುತ್ತಮ ಪ್ರಯೋಗ. ಅಲ್ಲಿ ಅದು ಎದ್ದರೆ ಮೊದಲ ಎರಡು ಕೊಂಡಿಗಳ ಮೇಲಿನ ಸಂಶಯ ಬಹುಮಟ್ಟಿಗೆ ನಿವಾರಣೆಯಾಗುತ್ತದೆ. ಏಳದಿದ್ದರೆ ದೋಷವು ಬಹುಶಃ ಅವುಗಳಲ್ಲಿಯೇ ಇದೆ. ಒಂದೊಂದು ಪರೀಕ್ಷೆಯೂ ಸಂಶಯವನ್ನು ಅರ್ಧಕ್ಕಿಳಿಸುವುದಾದರೆ ಹದಿನಾರು ಸಂಭವನೀಯ ಕಾರಣಗಳಲ್ಲಿ ನಿಜವಾದುದನ್ನು ನಾಲ್ಕೇ ಪರೀಕ್ಷೆಗಳಲ್ಲಿ ಹಿಡಿಯಬಹುದು. ಎರಡನೆಯ ನಿಯಮ, ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಬದಲಿಸಿದ್ದನ್ನು ಬರೆದಿಡಬೇಕು, ಫಲ ಕಾಣದಿದ್ದರೆ ಅದನ್ನು ಮೊದಲಿನಂತೆ ಮಾಡಿ ಮುಂದುವರಿಯಬೇಕು.

ಈ ನಿಯಮವನ್ನು ಮೀರಿದರೆ ಅಪಾಯವೂ ಉಂಟು. ಸೆಕ್ಯೂರ್ ಬೂಟ್ ಎಂಬುದು ಒಪ್ಪಿತ ಸಹಿಯಿಲ್ಲದ ತಂತ್ರಾಂಶವನ್ನು ತಡೆಯುವ ಏರ್ಪಾಡು. ಡಿಸ್ಕಿಗೆ ಬಿಟ್‌ಲಾಕರ್ ಬೀಗವಿದ್ದಾಗ ಇದನ್ನು ಮನಬಂದಂತೆ ಬದಲಿಸಿದರೆ ಹಳೆಯ ವಿಂಡೋಸು 48 ಅಂಕಿಗಳ ಕೀಲಿಯನ್ನು ಕೇಳಬಹುದು. ಕೀಲಿ ಇಲ್ಲದವರಿಗೆ ತಮ್ಮ ಕಡತಗಳೇ ಸಿಗಲಾರವು. ಇಂಟೆಲಿನ ವಿ.ಎಂ.ಡಿ. ಏರ್ಪಾಡಿರುವ ಲ್ಯಾಪ್‌ಟಾಪುಗಳಲ್ಲಿ ಸ್ಥಾಪನೆಯ ವೇಳೆ ಡಿಸ್ಕು ಕಾಣದಿರುವುದುಂಟು. ಡಿಸ್ಕು ಸತ್ತಿರುವುದಿಲ್ಲ, ಡ್ರೈವರ್ ಮಾತ್ರ ಇರುವುದಿಲ್ಲ. ಇದನ್ನರಿಯದೆ ಹೊಸ ಡಿಸ್ಕಿಗೆ ಹಣ ತೆರುವುದು ವ್ಯರ್ಥ. ಎಲ್ಲಕ್ಕೂ ಮೊದಲು ಬೇಕಾದ ಕಡತಗಳ ಪ್ರತಿಯನ್ನು ಬೇರೆಡೆ ಇಟ್ಟುಕೊಳ್ಳತಕ್ಕದ್ದೆಂದು ಬೇರೆ ಹೇಳಬೇಕಾಗಿಲ್ಲ.

ಇದೆಲ್ಲ ರಿಪೇರಿಯವರ ಕೆಲಸ, ವಿಜ್ಞಾನದ ವಿದ್ಯಾರ್ಥಿಗೆ ಇದರಿಂದೇನು ಎಂದು ಕೆಲವರು ಆಕ್ಷೇಪಿಸಬಹುದು. 2011ರ ಸೆಪ್ಟೆಂಬರಿನಲ್ಲಿ ಯೂರೋಪಿನ ಒಪೆರಾ ಪ್ರಯೋಗದ ವಿಜ್ಞಾನಿಗಳು, ಸರ್ನ್ ಪ್ರಯೋಗಾಲಯದಿಂದ ಸುಮಾರು 730 ಕಿಲೋಮೀಟರು ದೂರದ ಇಟಲಿಯ ಗ್ರಾನ್ ಸಾಸ್ಸೋಗೆ ನ್ಯೂಟ್ರಿನೋಗಳು ಬೆಳಕಿಗಿಂತ ಸುಮಾರು 60 ನ್ಯಾನೋಸೆಕೆಂಡು ಮೊದಲೇ ತಲುಪಿದಂತೆ ಕಂಡಿತೆಂದು ತಿಳಿಸಿದರು. ಸಾಪೇಕ್ಷತಾ ಸಿದ್ಧಾಂತವೇ ಅಲುಗಿತೋ ಎಂದು ಲೋಕವು ಬೆರಗಾಯಿತು. 2012ರಲ್ಲಿ ಹೊರಬಿದ್ದ ಕಾರಣವು ಸಡಿಲವಾಗಿ ಸೇರಿಸಿದ್ದ ಒಂದು ದ್ಯುತಿತಂತುವಿನ ಜೋಡಣೆ. ಅದರೊಡನೆ ಗಡಿಯಾರದ ಭಾಗದಲ್ಲಿ ಇನ್ನೊಂದು ದೋಷವೂ ಸಿಕ್ಕಿತು. ಅದರ ಪರಿಣಾಮವು ವಿರುದ್ಧ ದಿಕ್ಕಿನಲ್ಲಿತ್ತು. ಎರಡನ್ನೂ ಬೇರ್ಪಡಿಸಿ ಅಳೆದುದರಿಂದಲೇ ಸತ್ಯವು ತಿಳಿಯಿತು. ರಿಪೇರಿಯವರ ಕೆಲಸವೂ ಭೌತವಿಜ್ಞಾನಿಯ ಕೆಲಸವೂ ಇಲ್ಲಿ ಒಂದೇ ಆಗಿರುವುದನ್ನು ವಾಚಕರು ಗಮನಿಸಬೇಕು.

ಕೃತಕ ಬುದ್ಧಿಯ ತಂತ್ರಾಂಶವನ್ನು ಕೇಳಿದರೆ ಉತ್ತರ ದೊರೆಯುವಾಗ ಈ ಶ್ರಮವೇಕೆ ಎಂಬುದು ಇನ್ನೊಂದು ಆಕ್ಷೇಪ. ಕೇಳುವುದು ತಪ್ಪಲ್ಲ. ಆದರೆ ಉತ್ತರವು ಪ್ರಶ್ನೆಯಷ್ಟೇ ಒಳ್ಳೆಯದಾಗಿರಬಲ್ಲದು. “ಯಂತ್ರ ಏಳುತ್ತಿಲ್ಲ” ಎಂದವರಿಗೆ ಇಪ್ಪತ್ತು ಸಲಹೆಗಳು ಬರುತ್ತವೆ; “ಪೆನ್‌ಡ್ರೈವು ಬೇರೆ ಯಂತ್ರದಲ್ಲಿ ಏಳುತ್ತದೆ, ಇದರಲ್ಲಿ ಸ್ಥಾಪನೆ ಆರಂಭವಾಗುತ್ತದೆ, ಡಿಸ್ಕು ಮಾತ್ರ ಕಾಣುತ್ತಿಲ್ಲ” ಎಂದವರಿಗೆ ಒಂದೆರಡು ಸಾಕು. ಹೀಗೆ ಹೇಳಬಲ್ಲವರು ಅರ್ಧ ದೋಷವನ್ನು ತಾವೇ ಕಂಡುಹಿಡಿದಿರುತ್ತಾರೆ.

ನಮ್ಮ ಪ್ರಾಯೋಗಿಕ ತರಗತಿಗಳನ್ನು ನೋಡಿದರೆ ಕೊರತೆಯು ಸ್ಪಷ್ಟವಾಗುತ್ತದೆ. ಉಪಕರಣಗಳನ್ನು ಜೋಡಿಸಿಟ್ಟಿರುತ್ತೇವೆ, ಬರಬೇಕಾದ ಉತ್ತರವೂ ಮೊದಲೇ ಗೊತ್ತಿರುತ್ತದೆ. ಮುಳ್ಳು ತಪ್ಪಾಗಿ ವಾಲಿದರೆ ಪ್ರಯೋಗಶಾಲೆಯ ಸಹಾಯಕರು ಬಂದು ಒಂದು ತಂತಿಯನ್ನು ಬದಲಿಸಿ ಹೋಗುತ್ತಾರೆ. ವಿದ್ಯಾರ್ಥಿಯ ರೆಕಾರ್ಡು ಪುಸ್ತಕದಲ್ಲಿ ಆ ಘಟನೆಯ ಸುಳಿವೂ ಇರುವುದಿಲ್ಲ. ಅತ್ಯಂತ ಬೋಧಪ್ರದವಾದ ಐದು ನಿಮಿಷಗಳು ಹೀಗೆ ಕಳೆದುಹೋಗುತ್ತವೆ.

ಪಠ್ಯಕ್ರಮದ ಹೊರೆ ಈಗಾಗಲೇ ಹೆಚ್ಚಾಗಿದೆಯೆಂಬುದು ನಿಜ. ಆದುದರಿಂದ ನನ್ನ ಸೂಚನೆ ಅಲ್ಪವಾದುದು. ಪ್ರತಿ ಕಾಲೇಜಿನಲ್ಲಿಯೂ ಬದಿಗಿಟ್ಟ ಹಳೆಯ ಗಣಕಯಂತ್ರವೊಂದು ಸಿಕ್ಕೇ ಸಿಗುತ್ತದೆ. ಅದರಲ್ಲಿ ಅಧ್ಯಾಪಕರು ಬೇಕೆಂದೇ ಒಂದು ದೋಷವನ್ನಿಡಲಿ: ಕೆಟ್ಟ ಕಡತವೋ, ಬರಿದೆ ನಕಲು ಮಾಡಿದ ಪೆನ್‌ಡ್ರೈವೋ, ತಪ್ಪಾದ ಸೆಟ್ಟಿಂಗೋ ಆಗಬಹುದು. ವರ್ಷಕ್ಕೊಮ್ಮೆ, ಎರಡು ಗಂಟೆಗಳ ಕಾಲ, ಇಬ್ಬಿಬ್ಬರು ವಿದ್ಯಾರ್ಥಿಗಳು ಅದನ್ನು ಶೋಧಿಸಲಿ. ಕಂಡ ಲಕ್ಷಣ, ಊಹೆ, ಮಾಡಿದ ಪರೀಕ್ಷೆ, ಬಂದ ಫಲ, ಇವುಗಳನ್ನು ಕ್ರಮವಾಗಿ ಬರೆಯಲಿ. ಅಂಕಗಳನ್ನು ಯಂತ್ರವು ಎದ್ದಿತೆ ಎಂಬುದಕ್ಕೆ ಕೊಡದೆ ಆ ಬರಹಕ್ಕೆ ಕೊಡಬೇಕು. ಕಾರಣ ತಿಳಿಯದೆ ಯಂತ್ರವನ್ನು ಎಬ್ಬಿಸಿದವರಿಗಿಂತ, ಎಬ್ಬಿಸಲಾರದೆ ಹೋದರೂ ದೋಷವು ಯಾವ ಕೊಂಡಿಯಲ್ಲಿದೆಯೆಂದು ತೋರಿಸಿಕೊಟ್ಟವರು ಹೆಚ್ಚು ಅಂಕಗಳಿಗೆ ಅರ್ಹರು.