ಮಂದಗತಿಯ ಮಾರುಕಟ್ಟೆಯಲ್ಲಿ ಮನೆ ಮಾರಾಟ: ದಲ್ಲಾಳಿಯ ಮಾತು, ನಮ್ಮ ಸಹಿ

ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯದ ರಸ್ತೆಬದಿಗಳಲ್ಲಿ ‘ವೀಡುಂ ಸ್ಥಲವುಂ ವಿಲ್ಪನಯ್ಕ್’ ಎಂಬ ಮಲಯಾಳ ಫಲಕಗಳು ಹಲವೆಡೆ ಕಾಣಸಿಗುತ್ತವೆ. ಮಳೆಗೆ ಬಣ್ಣ ಮಾಸಿದರೂ ಕೆಳಗಿಳಿಯದ ಫಲಕಗಳೂ ಅವುಗಳಲ್ಲಿವೆ. ಫಲಕದ ಮೇಲಿರುವ ದೂರವಾಣಿ ಸಂಖ್ಯೆ ಅನೇಕ ವೇಳೆ ಮನೆಯೊಡೆಯರದ್ದಲ್ಲ, ದಲ್ಲಾಳಿಯದ್ದು. ಮಕ್ಕಳ ಉನ್ನತ ವ್ಯಾಸಂಗ, ಉದ್ಯೋಗ, ಹಿರಿಯರ ಚಿಕಿತ್ಸೆ ಮುಂತಾದ ಕಾರಣಗಳಿಂದ ಮಂಗಳೂರಿನತ್ತ ಮುಖ ಮಾಡುವ ಕನ್ನಡ ಕುಟುಂಬಗಳು ಇಲ್ಲಿನ ಮನೆಯನ್ನು ಮಾರಲು ಹೊರಟಾಗ ಎದುರಿಸುವ ಪರಿಸ್ಥಿತಿಯನ್ನು ಈ ಲೇಖನದಲ್ಲಿ ಪರಿಶೀಲಿಸುತ್ತಿದ್ದೇವೆ. ಕೊಳ್ಳುವವರು ವಿರಳವಾಗಿರುವಾಗ ಮಾರುವವನ ಪಾಲಿಗೆ ಉಳಿಯುವ ಬಲವೆಂದರೆ ಬರವಣಿಗೆಯ ಕರಾರು. ನಮ್ಮ ಹಲವು ಮನೆಗಳಲ್ಲಿ ಆ ಕರಾರು ಒಂದೋ ಬಾಯಿಮಾತಿನಲ್ಲಿದೆ, ಇಲ್ಲವೇ ಸಹಿ ಹಾಕುವ ಹಿರಿಯರು ಓದಲಾಗದ ಲಿಪಿಯಲ್ಲಿದೆ.

ಮಾರುಕಟ್ಟೆ ನಿಧಾನವಾಗಿರುವುದಕ್ಕೆ ಕಾರಣಗಳು ಸ್ಥಳೀಯವಷ್ಟೇ ಅಲ್ಲ. 2011ರ ಜನಗಣತಿಯ ಪ್ರಕಾರ ಕೇರಳದ ಸುಮಾರು 1.12 ಕೋಟಿ ಮನೆ-ಕಟ್ಟಡಗಳಲ್ಲಿ ಸುಮಾರು 12 ಲಕ್ಷ ಖಾಲಿಯಿದ್ದವು. ಗಲ್ಫ್ ದುಡಿಮೆಯ ಹಣ ದಶಕಗಳ ಕಾಲ ಮನೆ ಕಟ್ಟುವುದಕ್ಕೆ ಹರಿದುಬಂತು. ಆದರೆ ಕಟ್ಟಿದ ತಲೆಮಾರಿನ ಮಕ್ಕಳು ಬೇರೆಡೆ ನೆಲೆಸಿದರು. ಇದರ ಮೇಲೆ ನೋಂದಣಿ ವೆಚ್ಚದ ಹೊರೆಯಿದೆ. ಕೇರಳದಲ್ಲಿ ಕ್ರಯಪತ್ರಕ್ಕೆ ಶೇ. 8 ಮುದ್ರಾಂಕ ಶುಲ್ಕ, ಶೇ. 2 ನೋಂದಣಿ ಶುಲ್ಕ, ಒಟ್ಟು ಶೇ. 10 ತೆರಬೇಕು. 40 ಲಕ್ಷ ರೂಪಾಯಿಯ ಮನೆಗೆ ಇದು 4 ಲಕ್ಷ ರೂಪಾಯಿಯಾಗುತ್ತದೆ. ಇದನ್ನು ಕೊಳ್ಳುವವನೇ ಭರಿಸುವುದು ರೂಢಿಯಾದರೂ ಅವನು ಆ ಮೊತ್ತವನ್ನು ಮನಸ್ಸಿನಲ್ಲಿಟ್ಟುಕೊಂಡೇ ಬೆಲೆ ಕಟ್ಟುತ್ತಾನೆ.

ಸರಕಾರ ಭೂಮಿಗೆ ನಿಗದಿಪಡಿಸುವ ನ್ಯಾಯಬೆಲೆಯದ್ದು ಇನ್ನೊಂದು ತೊಡಕು. 2010ರಲ್ಲಿ ಜಾರಿಗೆ ಬಂದ ಈ ಬೆಲೆಯನ್ನು ಹಂತಹಂತವಾಗಿ ಏರಿಸಲಾಗಿದ್ದು, 2023ರ ಏಪ್ರಿಲ್ 1ರಿಂದ ಒಮ್ಮೆಲೇ ಶೇ. 20 ಹೆಚ್ಚಿಸಲಾಯಿತು. ಮಾರುಕಟ್ಟೆ ಕುಸಿದರೂ ನ್ಯಾಯಬೆಲೆ ತಾನಾಗಿ ಇಳಿಯುವುದಿಲ್ಲ. ನ್ಯಾಯಬೆಲೆಗಿಂತ ಕಡಿಮೆಗೆ ಮಾರಿದರೂ ಮುದ್ರಾಂಕ ಶುಲ್ಕವನ್ನು ನ್ಯಾಯಬೆಲೆಯ ಮೇಲೆಯೇ ಕಟ್ಟಬೇಕು. ವ್ಯತ್ಯಾಸ ಶೇ. 10ನ್ನು ಮೀರಿದರೆ ಆದಾಯ ತೆರಿಗೆ ಇಲಾಖೆ ಕೂಡ ಮಾರಿದವನ ಕೈಗೆ ಬಾರದ ಹಣವನ್ನು ಬಂದಂತೆ ಭಾವಿಸಿ ಲಾಭ ಲೆಕ್ಕ ಹಾಕುತ್ತದೆ. ಹಾಗಾಗಿ ಮನೆಗೆ ಬೆಲೆ ಹೇಳುವ ಮೊದಲು ತಮ್ಮ ಸರ್ವೆ ನಂಬರಿನ ನ್ಯಾಯಬೆಲೆ ಎಷ್ಟೆಂದು ತಿಳಿದಿರಬೇಕು. ಪಟ್ಟಿಯಲ್ಲಿ ಅದು ಆರ್ ಒಂದಕ್ಕೆ ಇಷ್ಟು ಎಂದಿರುತ್ತದೆ. ಒಂದು ಆರ್ ಎಂದರೆ ಸುಮಾರು 2.47 ಸೆಂಟ್ಸ್.

ಇಂತಹ ಮಾರುಕಟ್ಟೆಯಲ್ಲಿ ದಲ್ಲಾಳಿ ಅನಗತ್ಯ ಎಂದು ನಾವು ಹೇಳುವುದಿಲ್ಲ. ಕೊಳ್ಳುವವರನ್ನು ಹುಡುಕಿ ತರುವುದು, ಹತ್ತು ಬಾರಿ ಮನೆ ತೋರಿಸುವುದು, ಗ್ರಾಮ ಕಚೇರಿಗೂ ಸಬ್ ರಿಜಿಸ್ಟ್ರಾರ್ ಕಚೇರಿಗೂ ಅಲೆಯುವುದು ಶ್ರಮದ ಕೆಲಸ. ಅದಕ್ಕೆ ಸಂಭಾವನೆ ಸಲ್ಲಬೇಕು. ಆದರೆ ಅವರ ಮೇಲೆ ಕಾನೂನಿನ ನಿಯಂತ್ರಣ ಎಷ್ಟಿದೆ ಎಂಬುದನ್ನು ಅರಿತಿರಬೇಕು. 2016ರ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ, ಅಂದರೆ ‘ರೇರಾ’, ದಲ್ಲಾಳಿಗಳಿಗೆ ನೋಂದಣಿ ಕಡ್ಡಾಯಗೊಳಿಸಿದೆ ಎಂಬ ಮಾತು ಅರ್ಧ ಸತ್ಯ. ಕಾಯ್ದೆಯ 9ನೇ ಸೆಕ್ಷನ್ ಅನ್ವಯವಾಗುವುದು ನಿರ್ಮಾಣ ಸಂಸ್ಥೆಗಳು ಮಾರುವ ಯೋಜನೆಗಳ ನಿವೇಶನ, ಫ್ಲಾಟ್‌ಗಳಿಗೆ. ತಂದೆಯ ಕಾಲದ ಹೆಂಚಿನ ಮನೆಯನ್ನು ಒಬ್ಬರು ಇನ್ನೊಬ್ಬರಿಗೆ ಮಾರುವಾಗ ನಡುವೆ ನಿಲ್ಲುವ ದಲ್ಲಾಳಿ ಅದರ ವ್ಯಾಪ್ತಿಗೆ ಬರುವುದಿಲ್ಲ. ಅಲ್ಲಿ ನಮಗೆ ಆಧಾರವಾಗುವುದು 1872ರ ಭಾರತೀಯ ಕರಾರು ಕಾಯ್ದೆ. ಅದರ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ಒಪ್ಪಿಸಿದ ಕೆಲಸ ಪೂರ್ಣಗೊಂಡ ಮೇಲಷ್ಟೇ ಪ್ರತಿನಿಧಿಗೆ ಸಂಭಾವನೆ ಸಲ್ಲುತ್ತದೆ. ಒಡೆಯನಿಗೆ ತಿಳಿಸದೆ ಪ್ರತಿನಿಧಿ ತನ್ನ ಸ್ವಂತ ಲಾಭಕ್ಕೆ ವ್ಯವಹರಿಸಿದರೆ ಆ ಲಾಭವನ್ನು ಕೇಳುವ ಹಕ್ಕು ಒಡೆಯನಿಗಿದೆ.

ಲಾಭ ನಷ್ಟದ ತಕ್ಕಡಿ ಯಾವ ಕಡೆ ವಾಲುತ್ತದೆ ಎಂಬುದನ್ನು ಸರಳ ಲೆಕ್ಕದಿಂದ ಕಾಣಬಹುದು. ಶೇ. 2 ದಲ್ಲಾಳಿ ಎಂದು ಮಾತಾಗಿದೆ ಎಂದಿಟ್ಟುಕೊಳ್ಳೋಣ. 40 ಲಕ್ಷಕ್ಕೆ ಮನೆ ಹೋದರೆ ದಲ್ಲಾಳಿಗೆ 80,000 ರೂಪಾಯಿ. ‘ಎರಡು ಲಕ್ಷ ಇಳಿಸಿ, ನಾಳೆಯೇ ಮುಗಿಸೋಣ’ ಎಂಬ ಸಲಹೆಯನ್ನು ಒಪ್ಪಿದರೆ ಮನೆಯೊಡೆಯನಿಗೆ 2 ಲಕ್ಷ ಖೋತಾ, ದಲ್ಲಾಳಿಗೆ 4,000 ಮಾತ್ರ. ಆರು ತಿಂಗಳು ಕಾಯುವುದಕ್ಕಿಂತ 4,000 ಬಿಟ್ಟುಕೊಡುವುದು ಅವರಿಗೆ ಲಾಭ. ಇದರಲ್ಲಿ ದುರುದ್ದೇಶವನ್ನು ಹುಡುಕಬೇಕಾಗಿಲ್ಲ. ಸಂಭಾವನೆಯ ಏರ್ಪಾಡೇ ಹಾಗಿದೆ. ಬೆಲೆ ಇಳಿಸುವುದು ಅನಿವಾರ್ಯವೂ ಆಗಬಹುದು. ಆದರೆ ಆ ತೀರ್ಮಾನಕ್ಕೆ ನೆರೆಹೊರೆಯಲ್ಲಿ ಇತ್ತೀಚೆಗೆ ನೋಂದಣಿಯಾದ ಬೆಲೆಗಳು ಆಧಾರವಾಗಲಿ, ದಲ್ಲಾಳಿಯ ಅವಸರ ಆಗದಿರಲಿ.

ಮಂದಗತಿಯ ದಿನಗಳಲ್ಲಿ ಹೆಚ್ಚು ಕೇಳಿಬರುವ ಪ್ರಸ್ತಾಪ ಒಂದಿದೆ: ‘ನಿಮಗೆ ಇಷ್ಟು ಕೈಗೆ ಬಂದರೆ ಸಾಕಲ್ಲವೇ? ಅದರ ಮೇಲೆ ಬಂದದ್ದು ನಮಗಿರಲಿ.’ ಕೇಳಲು ಸರಳವಾದ ಈ ಮಾತನ್ನು ಒಪ್ಪಿದೊಡನೆ ನಿಜವಾದ ಬೆಲೆಯನ್ನು ತಿಳಿಯುವ ದಾರಿಯೇ ಮುಚ್ಚಿಹೋಗುತ್ತದೆ. ಇದರ ಮುಂದಿನ ಹೆಜ್ಜೆ ದಲ್ಲಾಳಿಯೇ ಸಣ್ಣ ಮುಂಗಡ ಕೊಟ್ಟು ತನ್ನ ಅಥವಾ ತನ್ನವರ ಹೆಸರಿನಲ್ಲಿ ಕರಾರು ಮಾಡಿಕೊಳ್ಳುವುದು. ಅವಧಿ ಮುಗಿಯುವ ತನಕ ಮನೆ ಬೇರೆಯವರಿಗೆ ಮಾರುವಂತಿಲ್ಲ. ಆ ನಡುವೆ ಅವರು ಹೆಚ್ಚಿನ ಬೆಲೆಗೆ ಮೂರನೆಯವರನ್ನು ಹುಡುಕುತ್ತಾರೆ, ಸಿಗದಿದ್ದರೆ ಕಾಲಾವಕಾಶ ಕೇಳುತ್ತಾರೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಪ್ರಕಾರ ಮಾರಾಟದ ಕರಾರಿನಿಂದಲೇ ಸ್ವತ್ತು ಕೈಬದಲಾಗುವುದಿಲ್ಲ. ಹಾಗೆಂದು ಅದನ್ನು ಹಗುರವಾಗಿ ಕಾಣುವಂತಿಲ್ಲ. ನಿರ್ದಿಷ್ಟ ಪರಿಹಾರ ಕಾಯ್ದೆಗೆ 2018ರಲ್ಲಿ ತಂದ ತಿದ್ದುಪಡಿಯ ಬಳಿಕ, ಕರಾರನ್ನು ನೆರವೇರಿಸಲೇಬೇಕೆಂದು ನ್ಯಾಯಾಲಯದ ಮೂಲಕ ಒತ್ತಾಯಿಸುವ ಕೊಳ್ಳುಗನ ಕೈ ಬಲಗೊಂಡಿದೆ. ‘ಬರೀ ಅಗ್ರಿಮೆಂಟ್ ಅಲ್ಲವೇ’ ಎಂದು ಸಹಿ ಹಾಕುವ ಕಾಲ ಇದಲ್ಲ.

ಇಲ್ಲಿಯೇ ಭಾಷೆಯ ಪ್ರಶ್ನೆ ಎದುರಾಗುತ್ತದೆ. 1956ರ ನವೆಂಬರ್ 1ರ ವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿತ್ತು. ಆ ಕಾಲದ ಎಷ್ಟೋ ಮೂಲಪತ್ರಗಳು ಕನ್ನಡದಲ್ಲಿವೆ. ಇಂದಿನ ಕರಾರು, ಕ್ರಯಪತ್ರಗಳು ಬಹುತೇಕ ಮಲಯಾಳದಲ್ಲಿ ಸಿದ್ಧವಾಗುತ್ತವೆ. ಕನ್ನಡ ಮಾತ್ರ ಓದಬಲ್ಲ ಅಜ್ಜಿ ಮಲಯಾಳ ಕರಾರಿಗೆ ಸಹಿ ಹಾಕುವಾಗ ಅವರಿಗೆ ಅದನ್ನು ಓದಿ ಹೇಳುವವರು ಯಾರು? ಅನೇಕ ವೇಳೆ ದಲ್ಲಾಳಿಯೇ. ಒಂದೇ ವ್ಯಕ್ತಿ ಬೆಲೆ ಕುದುರಿಸುವವನೂ ಭಾಷಾಂತರಕಾರನೂ ಆಗುವುದು ಎಷ್ಟು ಅಪಾಯಕಾರಿ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಕಾನೂನು ಈ ವಿಷಯದಲ್ಲಿ ನಮ್ಮನ್ನು ಕೈಬಿಟ್ಟಿಲ್ಲ. 1908ರ ನೋಂದಣಿ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ಪತ್ರದ ಭಾಷೆ ಅಧಿಕಾರಿಗೆ ತಿಳಿಯದಿದ್ದು, ಆ ಭಾಷೆ ಜಿಲ್ಲೆಯಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿಯೂ ಇಲ್ಲದಿದ್ದರೆ ಮಾತ್ರ ಭಾಷಾಂತರವನ್ನು ಕೇಳಬಹುದು. ಕಾಸರಗೋಡು ಜಿಲ್ಲೆಯಲ್ಲಿ ಕನ್ನಡ ಬಳಕೆಯಲ್ಲಿಲ್ಲ ಎಂದು ಯಾವ ಅಧಿಕಾರಿಯೂ ಹೇಳಲಾರರು. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯೂ ಅಲ್ಪಸಂಖ್ಯಾತ ಪ್ರದೇಶಗಳೆಂದು ಘೋಷಿತವಾದೆಡೆ ಸರಕಾರಿ ಕಚೇರಿಗಳೊಡನೆ ಕನ್ನಡದಲ್ಲಿ ಪತ್ರವ್ಯವಹಾರ ನಡೆಸುವ, ಕನ್ನಡದಲ್ಲೇ ಉತ್ತರ ಪಡೆಯುವ ಅವಕಾಶವನ್ನು ನೀಡಿದೆ. ಇನ್ನು ದಲ್ಲಾಳಿಯೊಡನೆ ಮಾಡಿಕೊಳ್ಳುವ ಖಾಸಗಿ ಕರಾರನ್ನು ಕನ್ನಡದಲ್ಲಿ ಬರೆಯುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಕೊಳ್ಳುವವರು ಮಲಯಾಳಿಗಳಾದರೆ ಎರಡೂ ಭಾಷೆಗಳಲ್ಲಿ ಬರೆಸಿ ಎರಡಕ್ಕೂ ಸಹಿ ಪಡೆಯಬಹುದು. ಅರ್ಥವ್ಯತ್ಯಾಸ ಬಂದಾಗ ಯಾವ ಪ್ರತಿ ಅಂತಿಮ ಎಂಬುದನ್ನು ಅದರಲ್ಲೇ ನಮೂದಿಸಬೇಕು.

ಆ ಕರಾರಿನಲ್ಲಿ ಇರಬೇಕಾದ ವಿಷಯಗಳು ಒಂದು ಪುಟವನ್ನು ಮೀರುವುದಿಲ್ಲ. ದಲ್ಲಾಳಿ ಶೇಕಡಾ ಎಷ್ಟು, ಯಾರಿಂದ, ಯಾವಾಗ ಎಂಬುದು ಮೊದಲನೆಯದು. ಕ್ರಯಪತ್ರ ನೋಂದಣಿಯಾದ ದಿನ ಎಂದೇ ಬರೆಯುವುದು ಕ್ಷೇಮ. ಒಬ್ಬರಿಗೇ ವಹಿಸಿದ್ದೇ, ಹಲವರಿಗೂ ಅವಕಾಶವಿದೆಯೇ ಎಂಬುದು ಎರಡನೆಯದು. ಒಬ್ಬರಿಗೇ ವಹಿಸಿದರೆ ಮೂರು ತಿಂಗಳಂತಹ ಗಡುವು ಬೇಕು. ಹಲವರಿಗೆ ವಹಿಸಿದರೆ ಯಾರು ಯಾವ ದಿನ ಯಾರನ್ನು ಕರೆತಂದರು ಎಂಬುದನ್ನು ಮನೆಯ ಪುಸ್ತಕದಲ್ಲಿ ಬರೆದಿಡಬೇಕು. ಒಬ್ಬನೇ ಕೊಳ್ಳುಗನಿಗಾಗಿ ಇಬ್ಬರು ದಲ್ಲಾಳಿಗಳು ಹಣ ಕೇಳುವ ಜಗಳಕ್ಕೆ ಇದೇ ಮದ್ದು. ದಲ್ಲಾಳಿಯಾಗಲಿ ಅವರ ಬಂಧುಗಳಾಗಲಿ ಕೊಳ್ಳುವುದಾದರೆ ಮೊದಲೇ ತಿಳಿಸಬೇಕು ಎಂಬುದು ಮೂರನೆಯದು. ಮುಂಗಡವನ್ನು ದಲ್ಲಾಳಿಯ ಕೈಗೆ ಕೊಡಕೂಡದು, ಒಡೆಯನ ಬ್ಯಾಂಕ್ ಖಾತೆಗೇ ಬರಬೇಕು ಎಂಬುದು ನಾಲ್ಕನೆಯದು. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2015ರಿಂದ ನಿಷೇಧಿಸಿದೆ. ದಂಡ ಬೀಳುವುದು ಪಡೆದವರಿಗೆ.

ಕಾಗದಪತ್ರಗಳ ಸಿದ್ಧತೆಯೂ ಬೆಲೆಯನ್ನು ಕಾಪಾಡುತ್ತದೆ. ಮನೆ ನಿಂತ ಜಾಗ ದಾಖಲೆಯಲ್ಲಿ ‘ಪುರಯಿಡಂ’ ಎಂದಿದೆಯೋ ‘ನಿಲಂ’ ಎಂದಿದೆಯೋ ನೋಡಿಕೊಳ್ಳಬೇಕು. ನಿಲಂ ಎಂದಿದ್ದರೆ 2008ರ ಭತ್ತದ ಗದ್ದೆ ಮತ್ತು ತೇವಭೂಮಿ ಸಂರಕ್ಷಣಾ ಕಾಯ್ದೆಯ ತೊಡಕು ಎದುರಾಗುತ್ತದೆ. 2018ರ ತಿದ್ದುಪಡಿಯ ಬಳಿಕ ಡಾಟಾ ಬ್ಯಾಂಕಿನಲ್ಲಿ ಸೇರದ ಜಾಗದ ಸ್ವರೂಪ ಬದಲಾವಣೆಗೆ ಅರ್ಜಿ ಸಲ್ಲಿಸಲು ದಾರಿಯಿದೆ. ಆದರೆ ಅದು ತಿಂಗಳುಗಟ್ಟಲೆ ಹಿಡಿಯಬಹುದಾದ ಕೆಲಸ. ಕೊಳ್ಳುವವನು ಎದುರಿಗೆ ಕುಳಿತಾಗ ಈ ದೋಷ ಹೊರಬಿದ್ದರೆ ಬೆಲೆ ಇಳಿಸದೆ ಗತ್ಯಂತರವಿರುವುದಿಲ್ಲ. ತೀರಿಕೊಂಡ ಹಿರಿಯರ ಹೆಸರಿನಲ್ಲೇ ತೀರ್ವೆ ಕಟ್ಟುತ್ತಾ ಬಂದಿದ್ದರೆ ವಾರಸುದಾರರೆಲ್ಲರ ಒಪ್ಪಿಗೆ ಮೊದಲೇ ಬೇಕು. ಕೇರಳದ ಡಿಜಿಟಲ್ ಸರ್ವೆ ಹಾಗೂ ನೋಂದಣಿ, ಕಂದಾಯ, ಸರ್ವೆ ಇಲಾಖೆಗಳನ್ನು ಜೋಡಿಸಿದ ‘ಎಂಡೆ ಭೂಮಿ’ ವ್ಯವಸ್ಥೆ 2024ರ ಅಕ್ಟೋಬರಿನಲ್ಲಿ ಮೊದಲು ಕಾರ್ಯಗತವಾದುದು ನಮ್ಮದೇ ಮಂಜೇಶ್ವರ ತಾಲೂಕಿನ ಉಜಾರ್ ಉಳುವಾರ್ ಗ್ರಾಮದಲ್ಲಿ. ಸರ್ವೆ ಪೂರ್ಣಗೊಂಡ ಗ್ರಾಮಗಳಲ್ಲಿ ಹೊಸ ದಾಖಲೆಯ ವಿಸ್ತೀರ್ಣವೂ ಹಳೆಯ ಕನ್ನಡ ಪತ್ರದ ವಿಸ್ತೀರ್ಣವೂ ಹೊಂದುತ್ತವೆಯೇ ಎಂದು ತಾಳೆ ನೋಡುವುದು ಅವಶ್ಯ.

ಕೊನೆಯದಾಗಿ, ಸಮಯದ ವಿಚಾರ. ಮಂಗಳೂರಿನಲ್ಲಿ ಜೂನ್ ಹೊತ್ತಿಗೆ ಮಕ್ಕಳನ್ನು ಸೇರಿಸಬೇಕೆಂಬ ಅವಸರವನ್ನು ದಲ್ಲಾಳಿಯ ಮುಂದೆ ಆಡಿಕೊಳ್ಳುವುದೆಂದರೆ ಬೆಲೆ ಇಳಿಸುವ ದಿನಾಂಕವನ್ನು ನಾವೇ ಗೊತ್ತುಪಡಿಸಿಕೊಟ್ಟಂತೆ. ಅಲ್ಲಿ ಮೊದಲು ಮನೆ ಕೊಂಡು ಇಲ್ಲಿಯದನ್ನು ನಿಧಾನವಾಗಿ ಮಾರುವ ಯೋಚನೆಯಲ್ಲಿಯೂ ತೊಡಕಿದೆ. ಮನೆ ಮಾರಿದ ಲಾಭವನ್ನು ಮತ್ತೊಂದು ಮನೆಗೆ ತೊಡಗಿಸಿದರೆ ದೊರೆಯುವ ತೆರಿಗೆ ವಿನಾಯಿತಿಗೆ, ಹೊಸ ಮನೆಯನ್ನು ಮಾರಾಟಕ್ಕೆ ಹಿಂದಿನ ಒಂದು ವರ್ಷದೊಳಗೆ ಅಥವಾ ನಂತರದ ಎರಡು ವರ್ಷದೊಳಗೆ ಕೊಂಡಿರಬೇಕು. ಕಟ್ಟುವುದಾದರೆ ಮೂರು ವರ್ಷ. ಮಾರಾಟ ಒಂದು ವರ್ಷವನ್ನು ಮೀರಿ ಎಳೆದರೆ ಮೊದಲೇ ಕೊಂಡ ಮನೆಗೆ ಈ ವಿನಾಯಿತಿ ತಪ್ಪುತ್ತದೆ. ಮಾರುವವರು ಗಲ್ಫ್‌ನಲ್ಲಿ ನೆಲೆಸಿದ ಅನಿವಾಸಿಗಳಾದರೆ ಕೊಳ್ಳುವವನು ತೆರಿಗೆಯನ್ನು ಮೊದಲೇ ಮುರಿದುಕೊಳ್ಳಬೇಕಾಗುತ್ತದೆ. ಈ ಲೆಕ್ಕವನ್ನು ಮುಂಗಡ ಪಡೆಯುವ ಮೊದಲು ಲೆಕ್ಕ ಪರಿಶೋಧಕರಲ್ಲಿ ಕೇಳಿ ತಿಳಿಯಬೇಕು.

ಸರಕಾರದ ಮುಂದೆ ಕನ್ನಡಿಗರು ಇಡಬೇಕಾದ ಬೇಡಿಕೆಯೊಂದಿದೆ. ಜಿಲ್ಲೆಯ ಕನ್ನಡ ಪ್ರದೇಶದ ಪ್ರತಿಯೊಂದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾದರಿ ಕರಾರು ಮತ್ತು ಮಾದರಿ ಕ್ರಯಪತ್ರಗಳು ಕನ್ನಡದಲ್ಲಿ ದೊರೆಯಬೇಕು, ಸಹಿಗೆ ಮುನ್ನ ಕನ್ನಡದಲ್ಲಿ ಓದಿ ಹೇಳುವ ವ್ಯವಸ್ಥೆ ಇರಬೇಕು. ರಕ್ಷಕ-ಶಿಕ್ಷಕ ಸಂಘಗಳೂ ಗ್ರಂಥಾಲಯಗಳೂ ಒಟ್ಟಾಗಿ ಕೇಳಿದರೆ ಇದು ದೊಡ್ಡ ಖರ್ಚಿನ ಕೆಲಸವಲ್ಲ.

ಅಲ್ಲಿಯ ತನಕ ಕಾಯದೆ ಮಾಡಬಹುದಾದ ಕೆಲಸವೂ ಇದೆ. ಕನ್ನಡ ಮಾಧ್ಯಮದಲ್ಲಿ ಓದುವ ಮಕ್ಕಳು ಪೆಟ್ಟಿಗೆಯಲ್ಲಿರುವ ಅಜ್ಜನ ಕಾಲದ ಪತ್ರವನ್ನು ಓದಬಲ್ಲರು. ಶಾಲೆಯಲ್ಲಿ ಮಲಯಾಳವನ್ನೂ ಕಲಿತವರು ಇಂದಿನ ಕರಾರನ್ನೂ ಓದಬಲ್ಲರು. ಮನೆ ಮಾರುವ ಮಾತು ಬಂದ ಕುಟುಂಬಗಳು ಫಲಕ ಹಾಕುವ ಮೊದಲು ಒಂದು ಭಾನುವಾರ ಎಲ್ಲರೂ ಕುಳಿತು ಆ ಪತ್ರಗಳನ್ನು ಮಕ್ಕಳಿಂದ ಗಟ್ಟಿಯಾಗಿ ಓದಿಸಲಿ. ಸರ್ವೆ ನಂಬರು, ವಿಸ್ತೀರ್ಣ, ಗಡಿಗುರುತು, ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಲಿ. ಕಾನೂನಿನ ಅರ್ಥವನ್ನು ವಕೀಲರು ಹೇಳುತ್ತಾರೆ. ಪತ್ರದಲ್ಲಿ ಏನಿದೆ ಎಂಬುದನ್ನು ಮನೆಯವರು ದಲ್ಲಾಳಿಗಿಂತ ಮೊದಲು ತಿಳಿದಿರಬೇಕು.